ಬೆಳಕನ್ನು ಅಳೆದ ಎಡ್ಮಂಡ್ ಬೆಕೆರೆಲ್

ನಿಮ್ಮ ಊರಿನ ಬೀದಿಯಲ್ಲಿ ಸೌರದೀಪದ ಕಂಬ ಇರಬಹುದು. ಹಗಲೆಲ್ಲ ಬಿಸಿಲು ಕುಡಿದು, ಸಂಜೆಯಾದೊಡನೆ ತಾನಾಗಿ ಹೊತ್ತಿಕೊಳ್ಳುವ ಆ ದೀಪವನ್ನು ನೀವು ದಿನವೂ ನೋಡುತ್ತೀರಿ. ಬೆಳಕು ಬಿದ್ದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಮೊಟ್ಟಮೊದಲು ಕಂಡವರು ಯಾರು ಗೊತ್ತೇ? ಆಗ ಸೌರಫಲಕಗಳಿರಲಿಲ್ಲ. ಕಪ್ಪು ಬಳಿದ ಒಂದು ಪೆಟ್ಟಿಗೆ, ಅದರಲ್ಲಿ ಆಮ್ಲ ಬೆರೆಸಿದ ನೀರು, ನೀರಿನಲ್ಲಿ ಮುಳುಗಿದ ಎರಡು ಲೋಹದ ತಗಡುಗಳು, ಇಷ್ಟೇ. ಪ್ರಯೋಗ ಮಾಡಿದ ಹುಡುಗನಿಗೆ ಹತ್ತೊಂಬತ್ತು ವರ್ಷ. ಇಸವಿ 1839. ಆತನ ಹೆಸರು ಎಡ್ಮಂಡ್ ಬೆಕೆರೆಲ್.

ಪುಸ್ತಕಗಳಲ್ಲಿ ಇವರ ಹೆಸರು ಬಂದರೆ ಸೌರಕೋಶದ ಮೂಲಪುರುಷ ಎಂದು ಒಂದು ಸಾಲು ಬರೆದು ಮುಂದೆ ಹೋಗುವುದುಂಟು. ನನಗೇನೋ ಅದು ಅರ್ಧ ಮಾತು ಎನಿಸುತ್ತದೆ. ಎಡ್ಮಂಡ್ ಆ ವಿದ್ಯುತ್ತಿನಿಂದ ದೀಪ ಹಚ್ಚಲಿಲ್ಲ, ಚಕ್ರ ತಿರುಗಿಸಲಿಲ್ಲ. ಅದನ್ನು ಅಳತೆಗೋಲಾಗಿ ಬಳಸಿದರು. ಅವರ ಈ ಅಳತೆಯ ಅಭ್ಯಾಸವೇ ನೂರೆಂಬತ್ತು ವರ್ಷ ದಾಟಿ, ನಮ್ಮ ಜಿಲ್ಲೆಯ ಕೊಳವೆಬಾವಿಯ ನೀರಿನವರೆಗೆ ಬಂದಿದೆ. ಹೇಗೆ ಎಂಬುದನ್ನು ತಿಳಿಯಲು ಮೊದಲು ಆ ಮನೆಯ ಕಥೆ ಕೇಳಬೇಕು.

ಎಡ್ಮಂಡ್ ಹುಟ್ಟಿದ್ದು 1820ರ ಮಾರ್ಚ್ 24ರಂದು, ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ. ತಂದೆ ಆಂಟನಿ ಸೀಸರ್ ಬೆಕೆರೆಲ್ ಮೊದಲು ನೆಪೋಲಿಯನ್ನನ ಸೈನ್ಯದಲ್ಲಿ ಎಂಜಿನಿಯರ್ ಆಗಿದ್ದವರು. ಸೈನ್ಯ ಬಿಟ್ಟ ಮೇಲೆ ವಿಜ್ಞಾನಕ್ಕೆ ತಿರುಗಿದರು. ನಿಂಬೆಹಣ್ಣಿಗೆ ತಾಮ್ರದ ತುಂಡು, ಸತುವಿನ ತುಂಡು ಚುಚ್ಚಿ ವಿದ್ಯುತ್ ಪಡೆಯುವ ಪ್ರಯೋಗ ನಿಮಗೆ ಗೊತ್ತಲ್ಲ? ಲೋಹ ಮತ್ತು ದ್ರಾವಣ ಸೇರಿದಾಗ ನಡೆಯುವ ರಾಸಾಯನಿಕ ಕ್ರಿಯೆಯಿಂದ ವಿದ್ಯುತ್ ಹುಟ್ಟುತ್ತದೆ. ಇದನ್ನು ಅಧ್ಯಯನ ಮಾಡುವ ಶಾಖೆಗೆ ವಿದ್ಯುದ್ರಸಾಯನ ಎಂದು ಹೆಸರು. ಆ ಶಾಖೆಯನ್ನು ಕಟ್ಟಿದ ಮೊದಲಿಗರಲ್ಲಿ ಆಂಟನಿ ಒಬ್ಬರು. ಇದಕ್ಕಾಗಿ ಅವರಿಗೆ 1837ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿಯ ಕಾಪ್ಲೆ ಪದಕ ಬಂತು. ಮರುವರ್ಷ ಪ್ಯಾರಿಸ್ಸಿನ ರಾಷ್ಟ್ರೀಯ ನಿಸರ್ಗ ಚರಿತ್ರೆಯ ಸಂಗ್ರಹಾಲಯದಲ್ಲಿ ಭೌತಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಹೆಸರು ಸಂಗ್ರಹಾಲಯವಾದರೂ ಅದು ಬರಿಯ ಪ್ರದರ್ಶನದ ಜಾಗವಲ್ಲ. ನಮ್ಮ ಲಾಲ್‌ಬಾಗಿನ ಒಳಗೇ ಮೃಗಾಲಯ, ಪ್ರಯೋಗಾಲಯ, ಪ್ರಾಧ್ಯಾಪಕರ ಮನೆಗಳು ಎಲ್ಲವೂ ಇದ್ದಿದ್ದರೆ ಹೇಗಿರುತ್ತಿತ್ತೋ ಹಾಗೆ ಊಹಿಸಿಕೊಳ್ಳಿ.

ಎಡ್ಮಂಡ್ ಓದಿನಲ್ಲಿ ಚುರುಕು. ಫ್ರಾನ್ಸಿನಲ್ಲಿ ಆಗ, ಈಗಲೂ, ತುಂಬ ದೊಡ್ಡ ಹೆಸರಿನ ಎರಡು ಉನ್ನತ ವಿದ್ಯಾಲಯಗಳಿವೆ. ಎರಡರಲ್ಲೂ ಅವರಿಗೆ ಸೀಟು ಸಿಕ್ಕಿತು. ಎರಡನ್ನೂ ಬಿಟ್ಟು ತಂದೆಯ ಪ್ರಯೋಗಾಲಯಕ್ಕೆ ಸಹಾಯಕರಾಗಿ ಸೇರಿಕೊಂಡರು. ಇದನ್ನು ಓದಿ ನೀವು ಕಾಲೇಜಿಗೆ ಹೋಗುವುದಿಲ್ಲ ಎಂದು ಮನೆಯಲ್ಲಿ ಹಟ ಹಿಡಿಯಬೇಡಿ. ಮನೆಯಲ್ಲೇ ಕಾಪ್ಲೆ ಪದಕ ಪಡೆದ ಗುರು ಇರುವುದು ಎಲ್ಲರಿಗೂ ದಕ್ಕುವ ಭಾಗ್ಯವಲ್ಲ.

1839 ಎಂಬುದು ಬೆಳಕಿನ ಚರಿತ್ರೆಯಲ್ಲಿ ವಿಶೇಷ ವರ್ಷ. ಆ ವರ್ಷವೇ ಪ್ಯಾರಿಸ್ಸಿನಲ್ಲಿ ಲೂಯಿ ಡಾಗೆರ್ ಎಂಬುವರ ಛಾಯಾಚಿತ್ರ ತೆಗೆಯುವ ವಿಧಾನವನ್ನು ಜಗತ್ತಿಗೆ ತಿಳಿಸಲಾಯಿತು. ಬೆಳ್ಳಿಯ ಕೆಲವು ಲವಣಗಳ ಮೇಲೆ ಬೆಳಕು ಬಿದ್ದರೆ ಅವು ಕಪ್ಪಾಗುತ್ತವೆ. ಎಂದರೆ ಬೆಳಕು ರಾಸಾಯನಿಕ ಬದಲಾವಣೆ ಮಾಡಬಲ್ಲದು. ರಾಸಾಯನಿಕ ಬದಲಾವಣೆಯಿಂದ ವಿದ್ಯುತ್ ಹುಟ್ಟುತ್ತದೆ ಎಂಬುದು ತಂದೆಯ ಪಾಠ. ಈ ಎರಡನ್ನೂ ಜೋಡಿಸಿದರೆ ಏನಾಗುತ್ತದೆ? ಬೆಳಕು ಬಿದ್ದಾಗ ವಿದ್ಯುತ್ ಹರಿಯಬೇಕಲ್ಲವೇ? ಎಡ್ಮಂಡ್ ಮಾಡಿದ್ದು ಇದರ ಪರೀಕ್ಷೆ.

ಪೆಟ್ಟಿಗೆಯ ಒಳಗೆ ಕಪ್ಪು ಬಣ್ಣ ಬಳಿದು, ನಡುವೆ ತೆಳುವಾದ ಪೊರೆ ಕಟ್ಟಿ ಎರಡು ಕೋಣೆ ಮಾಡಿದರು. ಎರಡರಲ್ಲೂ ಆಮ್ಲೀಯ ದ್ರಾವಣ, ಒಂದೊಂದು ಪ್ಲಾಟಿನಂ ತಗಡು. ತಗಡುಗಳನ್ನು ತಂತಿಯ ಮೂಲಕ ಗ್ಯಾಲ್ವನೋಮೀಟರಿಗೆ ಸೇರಿಸಿದರು. ಅತಿ ಸಣ್ಣ ವಿದ್ಯುತ್ ಹರಿದರೂ ಮುಳ್ಳು ಅಲುಗಾಡಿಸಿ ತೋರಿಸುವ ಉಪಕರಣ ಅದು. ಒಂದು ಕೋಣೆಯನ್ನು ಕತ್ತಲಲ್ಲಿಟ್ಟು ಇನ್ನೊಂದರ ಮೇಲೆ ಬಿಸಿಲು ಬಿಟ್ಟರು. ಮುಳ್ಳು ಸರಿಯಿತು. ತಗಡಿಗೆ ಬೆಳ್ಳಿಯ ಕ್ಲೋರೈಡ್ ಅಥವಾ ಬ್ರೋಮೈಡ್ ಲೇಪಿಸಿದಾಗ ಇನ್ನೂ ಚೆನ್ನಾಗಿ ಸರಿಯಿತು.

ಇಲ್ಲಿ ಒಂದು ಅನುಮಾನ ನಿಮಗೂ ಬರಬೇಕು. ಬಿಸಿಲಿನಲ್ಲಿ ಬೆಳಕೂ ಇದೆ, ಶಾಖವೂ ಇದೆ. ಮುಳ್ಳು ಸರಿದದ್ದು ಶಾಖದಿಂದ ಏಕಿರಬಾರದು? ಎಡ್ಮಂಡ್ ಬಣ್ಣದ ಗಾಜುಗಳನ್ನು ಅಡ್ಡ ಹಿಡಿದು ನೋಡಿದರು. ಶಾಖ ಹೆಚ್ಚಿರುವುದು ಕೆಂಪಿನ ಕಡೆ. ಆದರೆ ವಿದ್ಯುತ್ ಹೆಚ್ಚು ಹರಿದದ್ದು ನೀಲಿ, ನೇರಳೆ ಮತ್ತು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿಗೆ. ಹಾಗಾಗಿ ಇದು ಶಾಖದ ಕೆಲಸವಲ್ಲ ಎಂದು ಗೊತ್ತಾಯಿತು. ಮೊದಲ ಪ್ರಯೋಗಕ್ಕಿಂತ ಈ ಎರಡನೆಯ ಪ್ರಯೋಗವನ್ನೇ ನಾನು ಹೆಚ್ಚು ಮೆಚ್ಚುತ್ತೇನೆ. ಮುಳ್ಳು ಸರಿದದ್ದನ್ನು ಕಂಡು ಕುಣಿದಾಡುವುದು ಸುಲಭ. ಅದು ಬೇರೆ ಕಾರಣಕ್ಕೆ ಸರಿದಿರಬಹುದೇ ಎಂದು ಕೇಳಿಕೊಳ್ಳುವುದು ಕಷ್ಟ.

ನೀಲಿಗೆ ಆಗುವುದು ಕೆಂಪಿಗೆ ಏಕೆ ಆಗುವುದಿಲ್ಲ? ಆಗ ಇದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಇಲೆಕ್ಟ್ರಾನ್ ಎಂಬ ಕಣ ಪತ್ತೆಯಾದದ್ದೇ 1897ರಲ್ಲಿ. ಬೆಳಕು ಸಣ್ಣ ಸಣ್ಣ ಶಕ್ತಿಯ ಪೊಟ್ಟಣಗಳಾಗಿ ಬಂದು ಬೀಳುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದು 1905ರಲ್ಲಿ. ಮರದಲ್ಲಿರುವ ಮಾವಿನಕಾಯಿಗೆ ಹತ್ತಿಯ ಉಂಡೆಗಳನ್ನು ನೂರು ಸಲ ಎಸೆದರೂ ಅದು ಬೀಳದು, ಒಂದು ಕಲ್ಲು ಸಾಕು. (ಮರದ ಯಜಮಾನರನ್ನು ಕೇಳಿಯೇ ಎಸೆಯಿರಿ.) ಕೆಂಪು ಬೆಳಕಿನ ಪೊಟ್ಟಣ ಹತ್ತಿಯ ಉಂಡೆಯಂತೆ, ನೀಲಿಯದು ಕಲ್ಲಿನಂತೆ. ಬೆಳ್ಳಿಯ ಕ್ಲೋರೈಡಿನಂಥ ಅರೆವಾಹಕ ವಸ್ತುವಿನಲ್ಲಿ ಕಟ್ಟಿಹಾಕಿದಂತಿರುವ ಇಲೆಕ್ಟ್ರಾನನ್ನು ಬಿಡಿಸಲು ನೀಲಿ ಪೊಟ್ಟಣಕ್ಕೆ ಸಾಮರ್ಥ್ಯವುಂಟು. ಬಿಡಿಸಿಕೊಂಡ ಇಲೆಕ್ಟ್ರಾನ್ ತಂತಿಯಲ್ಲಿ ಹರಿದರೆ ಅದೇ ವಿದ್ಯುತ್.

ಎಡ್ಮಂಡ್ ಮರುವರ್ಷ, 1840ರಲ್ಲಿ, ಪ್ಯಾರಿಸ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಬಳಿಕ ಬೆಳ್ಳಿಯ ತಗಡುಗಳಿಗೆ ಬೆಳ್ಳಿಯ ಲವಣ ಲೇಪಿಸಿ, ದ್ರಾವಣದಲ್ಲಿ ಮುಳುಗಿಸಿ, ಬೆಳಕಿನ ತೀವ್ರತೆ ಅಳೆಯುವ ಉಪಕರಣ ಮಾಡಿಕೊಂಡರು. ಬೆಳಕು ಹೆಚ್ಚಾದಂತೆ ಮುಳ್ಳು ಹೆಚ್ಚು ಸರಿಯುತ್ತದೆ, ಮುಳ್ಳನ್ನು ಓದಿ ಬೆಳಕನ್ನು ತಿಳಿಯಬಹುದು. ಅಲ್ಲಿಯವರೆಗೆ ಎರಡು ದೀಪಗಳಲ್ಲಿ ಯಾವುದರ ಬೆಳಕು ಹೆಚ್ಚು ಎಂದು ತೀರ್ಮಾನಿಸಬೇಕಾಗಿದ್ದುದು ಕಣ್ಣು. ಕಣ್ಣು ದಣಿಯುತ್ತದೆ, ಒಬ್ಬರ ಕಣ್ಣಿನಂತೆ ಇನ್ನೊಬ್ಬರದಿಲ್ಲ, ಅತಿನೇರಳೆಯಂತೂ ಯಾರಿಗೂ ಕಾಣದು. ಈಗ ಕಣ್ಣಿನ ಜಾಗಕ್ಕೆ ವಿದ್ಯುತ್ ಬಂದಿತು. ಶಾಲಾ ಪ್ರವಾಸದಲ್ಲಿ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ ನೋಡಿದವರು ನಿಮ್ಮಲ್ಲಿ ಇರಬಹುದು. ಬಯಲಿನಲ್ಲಿ ಸಾಲಾಗಿ ನಿಂತ ಅಲ್ಲಿನ ಆಂಟೆನಾಗಳು ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ವಿದ್ಯುತ್ತಾಗಿ ಬದಲಿಸಿ ಅಳೆಯುತ್ತವೆ. ಸಲಕರಣೆ ಬೇರೆ, ಉಪಾಯ ಅದೇ ಜಾತಿಯದು.

1848ರಲ್ಲಿ ಎಡ್ಮಂಡ್ ಇನ್ನೊಂದು ಸೋಜಿಗ ಮಾಡಿದರು. ಬಿಳಿ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದಾಗ ಸಿಗುವ ಏಳು ಬಣ್ಣಗಳ ಪಟ್ಟಿಗೆ ರೋಹಿತ ಎನ್ನುತ್ತೇವೆ. ಆ ರೋಹಿತದ ಚಿತ್ರವನ್ನು ಬೆಳ್ಳಿ ತಗಡಿನ ಮೇಲೆ ಬಣ್ಣಗಳಲ್ಲೇ ಮೂಡಿಸಿದರು. ಕೆಂಪು ಬಿದ್ದಲ್ಲಿ ಕೆಂಪು, ಹಸಿರು ಬಿದ್ದಲ್ಲಿ ಹಸಿರು. ಆದರೆ ಆ ಬಣ್ಣಗಳನ್ನು ಉಳಿಸುವ ದಾರಿ ಅವರಿಗೆ ಕೊನೆಯವರೆಗೂ ಸಿಗಲಿಲ್ಲ. ಬೆಳಕಿಗೆ ತಂದರೆ ಮಾಸಿಹೋಗುತ್ತಿದ್ದವು. ಕತ್ತಲಲ್ಲಿಟ್ಟು, ಮಂದ ಬೆಳಕಿನಲ್ಲಿ ತುಸು ಹೊತ್ತು ಮಾತ್ರ ನೋಡಬೇಕಾಗಿತ್ತು. ಹಾಗೆ ಕಾಪಾಡಿದ ಕೆಲವು ತಗಡುಗಳು ಫ್ರಾನ್ಸಿನಲ್ಲಿ ಇಂದಿಗೂ ಇವೆ. ಬಣ್ಣ ಬಂದದ್ದು ಹೇಗೆ ಎಂಬುದಕ್ಕೆ ಒಪ್ಪುವಂಥ ವಿವರಣೆ ದೊರಕಿದ್ದು 2020ರಲ್ಲಿ. ತಗಡಿನ ಲೇಪದಲ್ಲಿ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳಿವೆ, ಅವುಗಳ ಗಾತ್ರ ಮತ್ತು ಜೋಡಣೆ ಬಿದ್ದ ಬೆಳಕಿಗೆ ತಕ್ಕಂತೆ ಬದಲಾಗಿ ಬಣ್ಣ ಕಾಣುತ್ತದೆ ಎಂದು ಫ್ರಾನ್ಸಿನ ಸಂಶೋಧಕರು ತೋರಿಸಿದರು.

ಇನ್ನು ಅವರ ಜೀವನದ ಬಹು ದೊಡ್ಡ ಕೆಲಸಕ್ಕೆ ಬರೋಣ. ಕತ್ತಲೆಯಲ್ಲಿ ಹಸಿರಾಗಿ ಹೊಳೆಯುವ ನಕ್ಷತ್ರದ ಸ್ಟಿಕ್ಕರ್ ನೋಡಿದ್ದೀರಾ? ದೀಪ ಆರಿಸಿದ ಮೇಲೂ ಅದು ಸ್ವಲ್ಪ ಹೊತ್ತು ಬೆಳಗುತ್ತದೆ. ಕೆಲವು ವಸ್ತುಗಳ ಬೆಳಗು ಗಂಟೆಗಟ್ಟಲೆ ಇರುತ್ತದೆ. ಇನ್ನು ಕೆಲವದು ಬೆಳಕು ತೆಗೆದೊಡನೆ ನಿಂತಂತೆ ಕಾಣುತ್ತದೆ. ನಿಜವಾಗಿ ಅದೇ ಕ್ಷಣ ನಿಲ್ಲುತ್ತದೆಯೇ, ಅಥವಾ ನಮ್ಮ ಕಣ್ಣಿಗೆ ಹಿಡಿಯಲಾಗದಷ್ಟು ಸ್ವಲ್ಪ ಹೊತ್ತು ಮುಂದುವರಿಯುತ್ತದೆಯೇ? ಇದನ್ನು ತಿಳಿಯಲು 1858ರ ಸುಮಾರಿಗೆ ಎಡ್ಮಂಡ್ ಒಂದು ಯಂತ್ರ ಮಾಡಿದರು. ಒಂದೇ ಅಚ್ಚಿಗೆ ಎರಡು ದುಂಡು ತಟ್ಟೆಗಳು, ತಟ್ಟೆಗಳಲ್ಲಿ ತೂತುಗಳು. ಒಂದು ತಟ್ಟೆಯ ತೂತಿನ ಎದುರು ಇನ್ನೊಂದರ ತೂತು ಬರುವುದಿಲ್ಲ. ನಡುವೆ ಪರೀಕ್ಷಿಸಬೇಕಾದ ವಸ್ತು. ಹಿಡಿ ತಿರುಗಿಸಿದರೆ, ಹಿಂದಿನ ತೂತಿನಿಂದ ವಸ್ತುವಿನ ಮೇಲೆ ಬೆಳಕು ಬೀಳುವಾಗ ಮುಂದಿನ ಕಿಂಡಿ ಮುಚ್ಚಿರುತ್ತದೆ. ಬೆಳಕು ನಿಂತ ಮರುಕ್ಷಣ ಮುಂದಿನ ಕಿಂಡಿ ತೆರೆಯುತ್ತದೆ. ಆಗ ನೋಡುವವನಿಗೆ ಕಾಣುವುದು ವಸ್ತುವಿನ ಸ್ವಂತ ಬೆಳಗು ಮಾತ್ರ. ಹಿಡಿಯನ್ನು ವೇಗವಾಗಿ ತಿರುಗಿಸಿದಷ್ಟೂ ಎರಡರ ನಡುವಿನ ಅಂತರ ಕಡಿಮೆ. ಹೀಗೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಕಿರಿದಾದ ಹೊತ್ತನ್ನೂ ಅವರು ಹಿಡಿದರು. ಮಿಂಚಿನ ಬೆಳಕೂ ಅಲ್ಲ, ಕೈಯಲ್ಲಿ ತಿರುಗಿಸುವ ಹಿಡಿ!

ಈ ಯಂತ್ರದಲ್ಲಿ ಅವರು ನೂರಾರು ವಸ್ತುಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಯುರೇನಿಯಂ ಲವಣಗಳ ಹಸಿರು ಬೆಳಗು ಅವರನ್ನು ವಿಶೇಷವಾಗಿ ಸೆಳೆಯಿತು. ಈ ಯುರೇನಿಯಂ ಅನ್ನು ಸ್ವಲ್ಪ ನೆನಪಿಡಿ, ಮತ್ತೆ ಬರುತ್ತದೆ. ಗಾಜಿನ ಕೊಳವೆಯೊಳಗೆ ಇಂಥ ಬೆಳಗುವ ಪುಡಿಗಳನ್ನಿಟ್ಟು ವಿದ್ಯುತ್ ಹಾಯಿಸಿ ನೋಡಿದವರೂ ಅವರೇ. ನಿಮ್ಮ ತರಗತಿಯಲ್ಲಿ ಹಳೆಯ ಟ್ಯೂಬ್‌ಲೈಟ್ ಇದ್ದರೆ ಅದರ ಒಳಮೈಯ ಬಿಳಿ ಲೇಪ ನೋಡಿ. ಆ ಉಪಾಯದ ಬೇರು ಇಲ್ಲಿದೆ.

1850ರ ದಶಕದಿಂದ ಅವರು ಪ್ಯಾರಿಸ್ಸಿನ ಕಲೆ ಮತ್ತು ಕೈಗಾರಿಕೆಗಳ ಸಂಸ್ಥೆಯಲ್ಲಿ ಪಾಠ ಹೇಳಿದರು. 1863ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಬೆಳಕಿನ ಕಾರಣ ಮತ್ತು ಪರಿಣಾಮಗಳ ಕುರಿತು ಎರಡು ಸಂಪುಟಗಳ ಗ್ರಂಥ ಬರೆದರು. 1878ರಲ್ಲಿ ತಂದೆ ತೀರಿಕೊಂಡಾಗ ಸಂಗ್ರಹಾಲಯದ ಅವರ ಪೀಠ ಎಡ್ಮಂಡರಿಗೆ ಬಂತು. 1891ರ ಮೇ 11ರಂದು ಎಡ್ಮಂಡ್ ತೀರಿಕೊಂಡರು. ಪೀಠ ಮಗನಿಗೆ ಹೋಯಿತು. ಆ ಮಗನ ಹೆಸರು ನೀವು ಕೇಳಿರುವಿರಿ: ಹೆನ್ರಿ ಬೆಕೆರೆಲ್.

ತಂದೆಯಂತೆ ಹೆನ್ರಿಗೂ ಬೆಳಗುವ ವಸ್ತುಗಳ ಮೇಲೆ ಆಸಕ್ತಿ. 1896ರಲ್ಲಿ ಯುರೇನಿಯಂ ಲವಣವನ್ನು ಕಪ್ಪು ಕಾಗದ ಸುತ್ತಿದ ಛಾಯಾಚಿತ್ರದ ಫಲಕದ ಮೇಲಿಟ್ಟು ಪ್ರಯೋಗ ಮಾಡುತ್ತಿದ್ದಾಗ, ಬಿಸಿಲು ಸೋಕದಿದ್ದರೂ ಲವಣದಿಂದ ಏನೋ ಹೊರಟು ಫಲಕ ಕಪ್ಪಾದದ್ದು ಕಂಡಿತು. ಅದೇ ವಿಕಿರಣಪಟುತ್ವ. 1903ರಲ್ಲಿ ಕ್ಯೂರಿ ದಂಪತಿಗಳ ಜೊತೆ ಹೆನ್ರಿಗೆ ನೊಬೆಲ್ ಬಹುಮಾನ ಬಂತು. ವಿಕಿರಣಪಟುತ್ವ ಅಳೆಯುವ ಮಾನಕ್ಕೆ ಬೆಕೆರೆಲ್ ಎಂದು ಹೆಸರಿಟ್ಟದ್ದು ಮಗನ ಗೌರವಕ್ಕೆ. ಮಗನ ಕೀರ್ತಿಯ ನೆರಳಿನಲ್ಲಿ ತಂದೆ ಮರೆಯಾದರು. ಯುರೇನಿಯಂ ಲವಣಗಳ ಮೇಲೆ ಮಗನ ಕಣ್ಣು ಬಿದ್ದದ್ದೇ ತಂದೆ ಮೂವತ್ತು ವರ್ಷ ಮಾಡಿದ ಕೆಲಸದಿಂದ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಹೆನ್ರಿಯ ನಂತರ ಅವರ ಮಗ ಜೀನ್ ಅದೇ ಪೀಠದಲ್ಲಿ 1948ರವರೆಗೆ ಇದ್ದರು. ಒಂದು ಪೀಠ, ನಾಲ್ಕು ತಲೆಮಾರು, 110 ವರ್ಷ.

ಈಗ ನಮ್ಮ ಊರುಗಳಿಗೆ ಬರೋಣ. ನಮ್ಮದು ನದಿ ಇದ್ದೂ ನೀರಿಲ್ಲದ ಜಿಲ್ಲೆ. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿದ ಊರುಗಳು ಎಷ್ಟೋ ಇವೆ. ಅಷ್ಟು ಆಳದಲ್ಲಿ ನೀರು ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತಿರುತ್ತದೆ, ಕಲ್ಲಿನಲ್ಲಿರುವುದನ್ನು ಕರಗಿಸಿಕೊಳ್ಳುತ್ತದೆ. ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಕಂದು ಕಲೆಯಾಗಿ ಅದು ತನ್ನನ್ನು ತೋರಿಸಿಕೊಳ್ಳುತ್ತದೆ. ಆದರೆ ನಮ್ಮ ಗ್ರಾನೈಟ್ ಶಿಲೆಯಲ್ಲಿ ಸ್ವಾಭಾವಿಕವಾಗಿಯೇ ಸ್ವಲ್ಪ ಯುರೇನಿಯಂ ಕೂಡ ಇದೆ. ಪೂರ್ವ ಕರ್ನಾಟಕದ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಅದು ಮಿತಿಗಿಂತ ಹೆಚ್ಚಿದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಇದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಕುಡಿದರೆ ಮೂತ್ರಪಿಂಡಕ್ಕೆ ತೊಂದರೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಪೊರೆ ಸರಿಯಾಗಿದ್ದರೆ ಅದು ತಡೆಯಬಲ್ಲದು.

ಕಣ್ಣಿಗೆ ಕಾಣದ ಇದನ್ನು ಅಳೆಯುವುದು ಹೇಗೆ? ಎಡ್ಮಂಡ್ ಕಂಡ ಹಸಿರು ಬೆಳಗಿನಿಂದ! ನೀರಿನ ಮಾದರಿಗೆ ಫಾಸ್ಫೇಟ್ ದ್ರಾವಣ ಬೆರೆಸಿ, ಅತಿನೇರಳೆ ಬೆಳಕನ್ನು ಕ್ಷಣಮಾತ್ರ ಮಿನುಗಿಸುತ್ತಾರೆ. ನೀರಿನಲ್ಲಿರುವ ಬೇರೆ ಕಲ್ಮಶಗಳೂ ಬೆಳಗುತ್ತವೆ, ಆದರೆ ಅವು ಬೇಗ ಆರಿಹೋಗುತ್ತವೆ. ಯುರೇನಿಯಂ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಬೆಳಗುತ್ತದೆ. ಉಪಕರಣ ಆ ಚೂರು ಹೊತ್ತು ಕಾದು, ಆಮೇಲೆ ಉಳಿದ ಬೆಳಗನ್ನಷ್ಟೇ ಅಳೆಯುತ್ತದೆ. ಎರಡು ತಟ್ಟೆಗಳ ಆ ಯಂತ್ರವೇ ಇಲ್ಲಿ ಎಲ್‌ಇಡಿ ದೀಪ ಹಾಕಿಕೊಂಡು ಮೇಜಿನ ಮೇಲೆ ಕುಳಿತಿದೆ ಎನ್ನಬಹುದು.

1839ರ ಪೆಟ್ಟಿಗೆಗೂ ವಾರಸುದಾರರಿದ್ದಾರೆ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಎಂಬ ವಿಜ್ಞಾನಿಗಳು ನೀರಿನಲ್ಲಿ ಮುಳುಗಿಸಿದ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆಯಬಹುದೆಂದು ತೋರಿಸಿದರು. ಬಿಳಿ ಪೇಂಟಿನಲ್ಲಿ ಬಳಸುವ ಪುಡಿಯೇ ಅದು. ಆ ಬಳಿಕ ಬೆಳಕು, ವಿದ್ಯುತ್, ರಸಾಯನ ಮೂರೂ ಸೇರುವ ದ್ಯುತಿವಿದ್ಯುದ್ರಸಾಯನ ಬಹುಬೇಗ ಬೆಳೆಯಿತು. ಅದರ ಒಂದು ಕವಲು ಸಂವೇದಕಗಳದು. ಅರೆವಾಹಕ ಲೇಪಿಸಿದ ತಗಡನ್ನು ನೀರಿನಲ್ಲಿಟ್ಟು ಬೆಳಕು ಬಿಡುತ್ತಾರೆ. ವಿದ್ಯುತ್ ಹರಿಯುತ್ತದೆ. ನೀರಿನಲ್ಲಿರುವ ಯಾವುದೋ ವಸ್ತು ಇಲೆಕ್ಟ್ರಾನ್ ಕೊಟ್ಟರೆ ವಿದ್ಯುತ್ ಏರುತ್ತದೆ, ತಗಡಿಗೆ ಅಂಟಿ ದಾರಿ ಕಟ್ಟಿದರೆ ಇಳಿಯುತ್ತದೆ. ಏರಿಳಿತ ನೋಡಿ ವಸ್ತು ಎಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ. ಪ್ರಶ್ನೆ ಕೇಳುವುದು ಬೆಳಕಿನಲ್ಲಿ, ಉತ್ತರ ಬರುವುದು ವಿದ್ಯುತ್ತಿನಲ್ಲಿ. ಎರಡರ ಗದ್ದಲ ಬೆರೆಯುವುದಿಲ್ಲವಾದ್ದರಿಂದ ಅತಿ ಸಣ್ಣ ಪ್ರಮಾಣವನ್ನೂ ಹಿಡಿಯಬಹುದು. ಸೀಸ, ಪಾದರಸ, ಕೀಟನಾಶಕದ ಉಳಿಕೆ, ರಕ್ತದ ಸಕ್ಕರೆ, ರೋಗದ ಗುರುತುಗಳು, ಹೀಗೆ ಹಲವಕ್ಕೆ ಇಂಥ ಸಂವೇದಕಗಳನ್ನು ಪ್ರಯೋಗಾಲಯಗಳಲ್ಲಿ ಮಾಡಿ ನೋಡಿದ್ದಾರೆ. ಹೆಚ್ಚಿನವು ಇನ್ನೂ ಪ್ರಯೋಗಾಲಯ ದಾಟಿಲ್ಲ ಎಂಬುದನ್ನೂ ಹೇಳಬೇಕು. ಶುದ್ಧ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ತಗಡು ಕೆರೆಯ ನೀರಿನಲ್ಲಿ ಪಾಚಿ ಕಟ್ಟಿಕೊಂಡು ಕೈಕೊಡುತ್ತದೆ.

ಪ್ರಯೋಗಾಲಯ ದಾಟಿ ಬಂದದ್ದೂ ಒಂದಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದನ್ನು ನೀವು ನೋಡಿದ್ದೀರಿ. ಗೂಡಿನ ಅಂಟು ಬಿಟ್ಟ ಆ ನೀರು ಚರಂಡಿಗೆ ಹೋದರೆ ಕೊಳೆಯುತ್ತದೆ, ನೀರಿನ ಆಮ್ಲಜನಕವನ್ನು ಹೀರುತ್ತದೆ. ಎಷ್ಟು ಹೀರಬಲ್ಲದು ಎಂಬ ಅಳತೆಗೆ ರಾಸಾಯನಿಕ ಆಮ್ಲಜನಕ ಬೇಡಿಕೆ ಎನ್ನುತ್ತಾರೆ. ಹಳೆಯ ವಿಧಾನದಲ್ಲಿ ಗಂಧಕಾಮ್ಲ, ಡೈಕ್ರೋಮೇಟ್, ಪಾದರಸದ ಲವಣ ಸೇರಿಸಿ ಎರಡು ಗಂಟೆ ಕುದಿಸಬೇಕು. ಕೊನೆಗೆ ಆ ವಿಷವನ್ನು ಎಲ್ಲಿ ಚೆಲ್ಲುವುದು ಎಂಬುದೇ ಚಿಂತೆ. ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಹೊಸ ವಿಧಾನದಲ್ಲಿ ಟೈಟಾನಿಯಂ ಡೈಆಕ್ಸೈಡಿನ ತಗಡು, ಅತಿನೇರಳೆ ಬೆಳಕು ಸಾಕು. ಕೊಳೆ ಉರಿದು ಕೊಡುವ ಇಲೆಕ್ಟ್ರಾನುಗಳನ್ನು ಎಣಿಸುತ್ತಾರೆ. ಸುಮಾರು ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಬೆಂಗಳೂರಿನಲ್ಲಿ ಸಂಸ್ಕರಿಸಿದ ನೀರು ನಮ್ಮ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿರುವ ಈ ಕಾಲದಲ್ಲಿ ಬೇಗ ಸಿಗುವ ಉತ್ತರಕ್ಕೆ ಬೆಲೆಯಿದೆ.

ಎಡ್ಮಂಡರ ಪೆಟ್ಟಿಗೆಯ ತಮ್ಮನನ್ನು ನಿಮ್ಮ ಶಾಲೆಯಲ್ಲೇ ಮಾಡಬಹುದು. ತಗಡು ಕಾಯಿಸುವ ಕೆಲಸ ಶಿಕ್ಷಕರದು, ನೀವು ದೂರ ನಿಂತು ನೋಡಿ. ಅಂಗೈ ಅಗಲದ ಎರಡು ತಾಮ್ರದ ತಗಡು ತನ್ನಿ. ಒಂದನ್ನು ಉಜ್ಜಿ ತೊಳೆದು, ಒಲೆಯ ಮೇಲಿಟ್ಟು ಅರ್ಧ ಗಂಟೆ ಜೋರಾಗಿ ಕಾಯಿಸಬೇಕು. ಮೇಲೆ ಕಪ್ಪು ಪದರ ಕಟ್ಟುತ್ತದೆ. ಒಲೆ ಆರಿಸಿ, ತಗಡನ್ನು ಅಲ್ಲೇ ನಿಧಾನವಾಗಿ ಆರಲು ಬಿಡಿ. ಕಪ್ಪು ಪದರ ಸಿಡಿದು ಉದುರುತ್ತದೆ. ಉಳಿದದ್ದನ್ನು ನೀರಿನಲ್ಲಿ ಮೆಲ್ಲಗೆ ಸವರಿ ತೆಗೆಯಿರಿ, ಉಜ್ಜಬೇಡಿ. ಅಡಿಯಲ್ಲಿ ಕಾಣುವ ಕೆಂಪು ಪದರ ತಾಮ್ರದ ಒಂದು ಆಕ್ಸೈಡ್, ಅದು ಅರೆವಾಹಕ. ಬಾಯಿ ಕತ್ತರಿಸಿದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಉಪ್ಪು ನೀರು ತುಂಬಿ, ಈ ತಗಡನ್ನೂ ಕಾಯಿಸದ ತಗಡನ್ನೂ ಒಂದಕ್ಕೊಂದು ತಾಗದಂತೆ ಇಳಿಬಿಡಿ. ತಗಡುಗಳ ಮೇಲ್ತುದಿ ನೀರಿನಿಂದ ಹೊರಗಿರಲಿ. ಎರಡಕ್ಕೂ ತಂತಿ ಸೇರಿಸಿ, ಮಲ್ಟಿಮೀಟರನ್ನು ಮೈಕ್ರೋಆಂಪಿಯರ್ ಅಳತೆಗೆ ತಿರುಗಿಸಿ.

ನೆರಳಿನಲ್ಲಿಯೂ ಕೆಲವು ಮೈಕ್ರೋಆಂಪಿಯರ್ ತೋರಿಸಬಹುದು, ಅದನ್ನು ಮೊದಲು ಬರೆದುಕೊಳ್ಳಿ. ಆಮೇಲೆ ಬಿಸಿಲಿಗೆ ತನ್ನಿ, ಕೆಂಪು ಪದರ ಬಿಸಿಲಿಗೆ ಮುಖ ಮಾಡಿರಲಿ. ಅಂಕಿ ಎಷ್ಟು ಏರಿತು? ಕೈ ಅಡ್ಡ ಹಿಡಿದರೆ ಎಷ್ಟು ಇಳಿಯಿತು? ಕೆಂಪು ಗಾಜುಕಾಗದ, ನೀಲಿ ಗಾಜುಕಾಗದ ಒಂದೊಂದಾಗಿ ಅಡ್ಡ ಹಿಡಿದು ನೋಡಿ. ಅದು ಬಿಸಿಲಿನ ಶಾಖದಿಂದ ಅಲ್ಲ ಎಂದು ಹೇಗೆ ಖಚಿತಪಡಿಸಿಕೊಳ್ಳುತ್ತೀರಿ ಎಂಬುದನ್ನು ನೀವೇ ಯೋಚಿಸಿ. ಬಳಸಿದ ಉಪ್ಪು ನೀರನ್ನು ಶಾಲೆಯ ತೋಟದ ಗಿಡಗಳಿಗೆ ಮಾತ್ರ ಹಾಕಬೇಡಿ, ಅದರಲ್ಲಿ ತಾಮ್ರ ಸೇರಿರುತ್ತದೆ.